ಹಗಲಿನ ಜೋಗುಳ

ನಿದ್ದೆಯನ್ನು ಒಂದು ಜೀವದಿಂದ ಇನ್ನೊಂದು ಜೀವಕ್ಕೆ ಸಾಗಿಸಬಹುದು ಎಂದು ಡಾ. ವಾಸುದೇವ ಉಡುಪರು ಕಂಡುಹಿಡಿದ ವರ್ಷ, ಗಂಗೊಳ್ಳಿಯ ಸಂಜೀವ ಮೊಗವೀರ ಹನ್ನೊಂದು ತಿಂಗಳಿಂದ ನೆಟ್ಟಗೆ ನಿದ್ದೆ ಮಾಡಿರಲಿಲ್ಲ.

ಸಂಜೀವ ತಾಂಡೇಲ. ದೋಣಿಯ ಚುಕ್ಕಾಣಿಯೂ ದೋಣಿಯಲ್ಲಿದ್ದವರ ಜೀವವೂ ಅವನ ಕೈಯಲ್ಲಿ. ಒಂದು ಆಗಸ್ಟ್ ಮುಂಜಾನೆ, ಹೊಳೆ ಕಡಲು ಸೇರುವ ಅಳಿವೆಯ ಹೊರಗೆ ಅವನ ದೋಣಿ ಮಗುಚಿತು. ಏಳು ಮಂದಿಯಲ್ಲಿ ಉಳಿದವರು ಮೂವರು. ಹೋದವರಲ್ಲಿ ಅವನ ಹೆಂಡತಿ ಗುಲಾಬಿಯ ತಮ್ಮ ರಾಘುವೂ ಇದ್ದ. ಆಮೇಲೆ ಸಂಜೀವ ಕಣ್ಣು ಮುಚ್ಚಿದರೆ ಸಾಕು, ಬೆಚ್ಚಿ ಎದ್ದು ಕೂರುತ್ತಿದ್ದ. ಡಾಕ್ಟರ ಮಾತ್ರೆ ಅವನನ್ನು ಮಂಕು ಮಾಡಿತೇ ಹೊರತು ಮಲಗಿಸಲಿಲ್ಲ. ದಿನವಿಡೀ ಮೀನು ಒಣಗಿಸುವ ಅಂಗಳದ ಮೂಲೆಯಲ್ಲಿ ಬಲೆಯ ರಾಶಿಗೆ ಒರಗಿಕೊಂಡು, ಕೆಂಪಗಿನ ಕಣ್ಣನ್ನು ಬಿಟ್ಟೇ ಇರುತ್ತಿದ್ದ. ಕಾಗೆ ಬಂದು ಮೀನು ಕಚ್ಚಿಕೊಂಡು ಹೋದರೂ ಅವನಿಗೆ ತಿಳಿಯುತ್ತಿರಲಿಲ್ಲ.

ಅವನ ತಂಗಿ ಜಲಜ ಉಡುಪಿಯಲ್ಲಿ ಕಿವಿಯ ಯಂತ್ರ ರಿಪೇರಿ ಮಾಡುವ ಅಂಗಡಿಯಲ್ಲಿದ್ದಳು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಆಗಿತ್ತು. ನಿದ್ದೆಪಟ್ಟಿ ಎಂಬ ಹೊಸ ಸಾಧನದ ಪ್ರಯೋಗಕ್ಕೆ ಜನ ಬೇಕೆಂದು ತಿಳಿದಾಗ ಅಣ್ಣನ ಹೆಸರು ಬರೆಸಿದಳು. ಎರಡು ಬೆರಳಗಲದ ಬಟ್ಟೆಯ ಪಟ್ಟಿ. ಹಣೆಗೆ ಕಟ್ಟಿಕೊಂಡು ಮಲಗಬೇಕು, ಅಷ್ಟೇ. ಮೊದಲ ಸಲ ಕಟ್ಟಿಕೊಂಡ ಸಂಜೀವ ಮರುದಿನ ಹತ್ತು ಗಂಟೆಯಾದರೂ ಏಳಲಿಲ್ಲ. ಗುಲಾಬಿ ಗಾಬರಿಯಾಗಿ ಅವನ ಮೂಗಿನ ಹತ್ತಿರ ಬೆರಳಿಟ್ಟು ನೋಡಿದಳು. ಬಿಸಿಯುಸಿರು ಬರುತ್ತಿತ್ತು. ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತು ಅತ್ತಳು.

ಎದ್ದವನು ಮೊದಲು ಹೇಳಿದ್ದು, "ನಾ ಸಮುದ್ರನ ಮೇಲಿಂದ ಕಂಡೆ ಗುಲಾಬಿ. ರೆಕ್ಕಿ ಆಡ್ಸೂದೇ ಬ್ಯಾಡ. ಗಾಳಿಯೇ ಎತ್ಕಂಡ್ ಹೋತ್ತ್."

ಆ ನಿದ್ದೆ ಬರುತ್ತಿದ್ದುದು ಫ್ರಿಗೇಟ್ ಹಕ್ಕಿಗಳಿಂದ. ಪೆಸಿಫಿಕ್ ಸಾಗರದ ನಡುವಿನ ದ್ವೀಪಗಳಲ್ಲಿ ಗೂಡು ಕಟ್ಟುವ ಈ ಕರಿಯ ಹಕ್ಕಿ ರೆಕ್ಕೆ ಬಿಚ್ಚಿದರೆ ಒಬ್ಬ ಆಳು ಎರಡೂ ಕೈ ಚಾಚಿದ್ದಕ್ಕಿಂತ ಉದ್ದ. ಕಡಲ ಹಕ್ಕಿಯಾದರೂ ಅದು ನೀರಿಗೆ ಇಳಿಯುವಂತಿಲ್ಲ. ಗರಿ ನೆನೆದರೆ ಮತ್ತೆ ಮೇಲೇಳಲಾರದು. ಹಾಗಾಗಿ ವಾರಗಟ್ಟಲೆ ಹಾರುತ್ತಲೇ ಇರುತ್ತದೆ. ಹಾರುತ್ತಲೇ ಮಿದುಳಿನ ಒಂದು ಹೋಳನ್ನು ಮಲಗಿಸಿ ಇನ್ನೊಂದನ್ನು ಎಚ್ಚರವಿಡುತ್ತದೆ. ಗೂಡಿಗೆ ಬಂದಾಗ ಮಾತ್ರ ಪೂರ್ತಿ ಮಲಗುತ್ತದೆ. ದೀಪದ ಗುಂಡಿ ಒತ್ತಿದಂತೆ ನಿದ್ದೆಗೆ ಜಾರುವ, ಎಚ್ಚರಕ್ಕೆ ಮರಳುವ ಈ ಶಕ್ತಿಯನ್ನೇ ಉಡುಪರು ಹಿಡಿದದ್ದು. ಹಕ್ಕಿಯ ನೆತ್ತಿಯ ಮೇಲೆ ಅಕ್ಕಿಕಾಳಿನಷ್ಟು ಚಿಪ್. ಅದು ಮಿದುಳಿನ ಅಲೆಗಳನ್ನು ಉಪಗ್ರಹಕ್ಕೆ ಕಳಿಸುತ್ತದೆ. ನಿದ್ದೆಪಟ್ಟಿ ಅದೇ ಅಲೆಗಳನ್ನು ಮನುಷ್ಯನ ಹಣೆಯಲ್ಲಿ ಮೀಟುತ್ತದೆ. ಒಮ್ಮೆ ದಾಖಲಿಸಿಟ್ಟುಕೊಂಡು ದಿನಾ ಬಳಸಿದರಾಗದೇ ಎಂದು ಪಟ್ಟಿ ತಯಾರಿಸುವ ಕಂಪನಿಯವರು ಪ್ರಯತ್ನಿಸಿದ್ದುಂಟು. ಮೂರೇ ದಿನಕ್ಕೆ ಮಿದುಳು ಆ ಹಳಸಲನ್ನು ಗುರುತು ಹಿಡಿದು ತಿರಸ್ಕರಿಸಿತು. ಬೇಕಾದದ್ದು ಆ ಕ್ಷಣದಲ್ಲಿ ಮಲಗಿರುವ ಜೀವದ, ಆ ಕ್ಷಣದ ನಿದ್ದೆ.

ಅಣ್ಣ ಮತ್ತೆ ದೋಣಿ ಹತ್ತಿದ ತಿಂಗಳಲ್ಲೇ ಜಲಜಳಿಗೆ ಆ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಪಟ್ಟಿಯೊಳಗಿನ ಸಣ್ಣ ಸಣ್ಣ ಸದ್ದುಗಳನ್ನು ಅವಳಷ್ಟು ಚೆನ್ನಾಗಿ ಗುರುತಿಸುವವರು ಇರಲಿಲ್ಲ. ದ್ವೀಪಕ್ಕೇ ಹೋಗಬೇಕಾಗುತ್ತದೆ ಎಂದರು. ಋಣ ತೀರಿಸುವ ಹಾಗೆ ಹೊರಟಳು.

*

ಮಾತೆರೆ ಎಂಬ ಆ ದ್ವೀಪ ನಮ್ಮೂರಿಗಿಂತ ಎಂಟೂವರೆ ಗಂಟೆ ಮುಂದಿತ್ತು. ಗಂಗೊಳ್ಳಿಯಲ್ಲಿ ಹತ್ತು ಗಂಟೆಗೆ ದೀಪ ಆರಿಸಿ ಮಲಗುವ ಹೊತ್ತಿಗೆ ಅಲ್ಲಿ ಮರುದಿನದ ಸೂರ್ಯ ಹುಟ್ಟಿರುತ್ತಿದ್ದ. ಹಡಗಿನಿಂದ ಇಳಿದ ಜಲಜ ಮೊದಲು ಕಂಡದ್ದು ದ್ವೀಪದ ಅರ್ಧಭಾಗವನ್ನು ತುಂಬಿದ್ದ ಹೊಂಡಗಳನ್ನು. ಹೊಂಡಗಳ ನಡುವೆ ಬೂದುಬಣ್ಣದ ಹವಳದ ಕಲ್ಲುಗಳು ಬೆರಳುಗಳ ಹಾಗೆ ಎದ್ದು ನಿಂತಿದ್ದವು. ಹುಲ್ಲಿಲ್ಲ, ಮಣ್ಣಿಲ್ಲ. ಅದರಾಚೆಗೆ ಉಳಿದಿದ್ದ ಒಂದಿಷ್ಟು ಪೊದೆಗಳ ಮೇಲೆ ಮಾತ್ರ ಸಾವಿರಾರು ಕರಿಹಕ್ಕಿಗಳು. ಗಂಡುಹಕ್ಕಿಗಳು ಕೊರಳ ಚೀಲವನ್ನು ಕೆಂಪು ಬಲೂನಿನಂತೆ ಉಬ್ಬಿಸಿಕೊಂಡು ಕೂತಿದ್ದವು. ಮೇಲೆ ಆಕಾಶದಲ್ಲಿ ಇನ್ನಷ್ಟು ಹಕ್ಕಿಗಳು, ದಾರವಿಲ್ಲದ ಗಾಳಿಪಟಗಳಂತೆ, ಕದಲದೆ ತೇಲುತ್ತಿದ್ದವು. ನೋಡುತ್ತ ನಿಂತವಳಿಗೆ ತನ್ನ ಕಾಲೂ ನೆಲದಿಂದ ಒಂದಿಷ್ಟು ಮೇಲೆದ್ದ ಹಾಗಾಯಿತು.

"ಆ ಹೊಂಡ ಏನು?" ಎಂದು ಕೇಳಿದಳು.

"ನನ್ನ ಅಜ್ಜಂದಿರ ಊರು," ಎಂದಳು ಅವಳನ್ನು ಕರೆದೊಯ್ಯಲು ಬಂದಿದ್ದ ಹೆಂಗಸು.

ಅವಳ ಹೆಸರು ತೆಕಾ. ವಯಸ್ಸು ಅರವತ್ತೈದರ ಮೇಲೆ. ದ್ವೀಪದ ಮೂಲದವರಲ್ಲಿ ಅಲ್ಲಿಗೆ ಮರಳಿ ಬಂದಿದ್ದವಳು ಅವಳೊಬ್ಬಳೇ. ಗೂಡು ಎಣಿಸುವುದು, ಹಕ್ಕಿಗೆ ನೋವಾಗದಂತೆ ಹಿಡಿದು ಚಿಪ್ ಕೂರಿಸುವುದು ಕಂಪನಿಯ ಕೇಂದ್ರದಲ್ಲಿ ಅವಳ ಕೆಲಸ. ಇಬ್ಬರಿಗೂ ಬರುತ್ತಿದ್ದುದು ಮುರುಕು ಇಂಗ್ಲಿಷ್. ನಾಲ್ಕು ದಿನ ಕಳೆದ ಮೇಲೆ ಜಲಜ ಅವಳನ್ನು ದೊಡ್ಡಮ್ಮ ಎಂದು ಕರೆಯತೊಡಗಿದಳು. ಅರ್ಥ ಕೇಳಿ ತಿಳಿದುಕೊಂಡ ತೆಕಾ, "ಹಾಗೇ ಕರಿ," ಎಂದಳು.

ತೆಕಾ ಕತೆಗಳನ್ನು ಹೇಳುವಾಗ ದನಿಯನ್ನು ಏರಿಸುತ್ತಲೂ ಇರಲಿಲ್ಲ, ಇಳಿಸುತ್ತಲೂ ಇರಲಿಲ್ಲ. "ಮುತ್ತಜ್ಜನ ಕಾಲದಲ್ಲಿ ಹಡಗು ಬಂತು. ಗರಿ ಬೇಕು, ದೂರದ ಊರಿನ ಹೆಂಗಸರ ಟೋಪಿಗೆ ಅಂದರು. ಹಕ್ಕಿಯನ್ನು ಬಡಿದು ಬಡಿದು ಚೀಲ ತುಂಬಿದರು. ಆಮೇಲೆ ಹಿಕ್ಕೆ ಬೇಕು, ಗೊಬ್ಬರಕ್ಕೆ ಅಂದರು. ಸಾವಿರಾರು ವರ್ಷದ ಹಿಕ್ಕೆ ಇಲ್ಲಿ ಮಣ್ಣಾಗಿತ್ತಲ್ಲ, ಅದನ್ನೆಲ್ಲ ಅಗೆದರು. ಮಣ್ಣು ಹೋದ ಮೇಲೆ ತೆಂಗು ಹೋಯಿತು, ಬಾವಿ ಉಪ್ಪಾಯಿತು. ನಮ್ಮನ್ನೂ ಹಡಗಿಗೆ ಹತ್ತಿಸಿ ಬೇರೆ ದ್ವೀಪಕ್ಕೆ ಬಿಟ್ಟರು. ಇನ್ನು ಇಲ್ಲಿಂದ ಒಯ್ಯುವುದಕ್ಕೆ ಏನೂ ಉಳಿದಿಲ್ಲ ಅಂದುಕೊಂಡಿದ್ದೆವು."

"ನಿದ್ದೆ ತೆಗೆದರೆ ಕಡಮೆ ಆಗುವುದಿಲ್ಲವಲ್ಲ ದೊಡ್ಡಮ್ಮ," ಎಂದಳು ಜಲಜ. ಕಂಪನಿಯವರು ಅವಳಿಗೆ ಹೇಳಿಕೊಟ್ಟಿದ್ದ ಮಾತು ಅದು. ಆಗ ಅದು ನಿಜವೂ ಆಗಿತ್ತು. ಹಗಲು ಗೂಡಿನಲ್ಲಿ ಕಾವಿಗೆ ಕೂತು ತಮ್ಮಷ್ಟಕ್ಕೆ ತೂಕಡಿಸುವ ಕೆಲವೇ ಹಕ್ಕಿಗಳ ನಿದ್ದೆ ನಮ್ಮ ಊರುಗಳಿಗೆ ಹೋಗುತ್ತಿತ್ತು. ಕೆಲವು ಸಾವಿರ ಜನಕ್ಕೆ ಅದು ಸಾಕಾಗುತ್ತಿತ್ತು.

ಮಧ್ಯಾಹ್ನ ಮೂರೂವರೆಗೆ ಅವಳು ಮನೆಗೆ ಫೋನ್ ಮಾಡುತ್ತಿದ್ದಳು. ಅಲ್ಲಿ ಆಗ ಬೆಳಗಿನ ಏಳು. ಪರದೆಯ ಮೇಲೆ ಅಣ್ಣ ಗಂಜಿಯೂಟಕ್ಕೆ ಕೂತಿರುತ್ತಿದ್ದ. ಮುಖ ತುಂಬಿಕೊಂಡಿತ್ತು.

"ನಿದ್ರಿ ಬಂತಾ ಅಣ್ಣ?"

"ಬಂತ್ ಮರಾಯ್ತಿ. ಇವತ್ತ್ ಹಾರ್ತಾ ಹಾರ್ತಾ ಒಂದ್ ಮೋಡದ್ ಒಳ್ಗ್ ಹೊಕ್ಕೆ. ಒಳ್ಗೆಲ್ಲ ತಂಪ್, ಬೆಳೀ ಬೆಳಕ್. ಹೊರ್ಗ್ ಬಪ್ಪುಕೇ ಮನ್ಸ್ ಇಲ್ಲೆ."

*

ಒಂದು ವರ್ಷದಲ್ಲಿ ಪಟ್ಟಿ ಕಟ್ಟುವವರು ನಲವತ್ತು ಲಕ್ಷವಾದರು. ಲಾರಿ ಓಡಿಸುವವರು, ಪಾಳಿಯ ಮೇಲೆ ದುಡಿಯುವ ನರ್ಸುಗಳು, ಪರೀಕ್ಷೆಯ ಭಯದ ಮಕ್ಕಳು. ತೂಕಡಿಸುವ ಹಕ್ಕಿಗಳು ಸಾಲದಾದವು. ಆಗ ಉಡುಪರು ದ್ವೀಪಕ್ಕೇ ಬಂದು ಜೋಗುಳವನ್ನು ತಯಾರಿಸಿದರು.

ಅದು ಒಂದು ಮೊರೆತ. ಪೊದೆಗಳ ನಡುವೆ ನೆಟ್ಟ ಕಂಬಗಳಿಂದ ಹೊಮ್ಮುತ್ತಿತ್ತು. ಮನುಷ್ಯರ ಕಿವಿಗೆ ದೂರದ ಕಡಲಿನ ಸದ್ದಿನಷ್ಟೇ ಕೇಳುತ್ತಿತ್ತು; ಹಕ್ಕಿಗೆ ಮಾತ್ರ ಅದು ನಿದ್ದೆಯ ಗುಂಡಿಯನ್ನು ಒತ್ತುವ ಬೆರಳು. ವಾರಕ್ಕೊಮ್ಮೆ ಹಕ್ಕಿಗಳ ಕಿವಿಗೆ ಅದು ಹಳತಾಗುತ್ತಿತ್ತು. ಉಡುಪರು ಕೂತು ಹೊಸತನ್ನು ಹೆಣೆಯುತ್ತಿದ್ದರು. ಆ ಹೆಣಿಗೆಯ ಗುಟ್ಟು ಅವರೊಬ್ಬರಿಗೇ ಗೊತ್ತಿತ್ತು. ನಮ್ಮ ನಾಡಿನಲ್ಲಿ ಜನ ಮಲಗುವ ಹೊತ್ತಿಗೆ, ಅಂದರೆ ದ್ವೀಪದಲ್ಲಿ ಬೆಳಿಗ್ಗೆ ಆರೂವರೆಗೆ ಜೋಗುಳ ಶುರು. ಮಧ್ಯಾಹ್ನ ಎರಡೂವರೆಗೆ ಮುಕ್ತಾಯ.

ಮೊದಲ ದಿನ ಜಲಜ ಕಂಟ್ರೋಲ್ ರೂಮಿನ ಗಾಜಿನಾಚೆ ನೋಡುತ್ತ ನಿಂತಳು. ಎಳೆಬಿಸಿಲು ಪೊದೆಗಳ ಮೇಲೆ ಬಿದ್ದಿತ್ತು. ಮೊರೆತ ಎದ್ದಿತು. ಆರು ಸಾವಿರ ಹಕ್ಕಿಗಳು ಒಂದರ ಹಿಂದೊಂದು ಕುತ್ತಿಗೆ ತಿರುಗಿಸಿ, ಕೊಕ್ಕನ್ನು ಬೆನ್ನಿನ ಗರಿಯೊಳಗೆ ತೂರಿಸಿದವು. ಗದ್ದಲದ ದ್ವೀಪ ನಿಶ್ಶಬ್ದವಾಯಿತು. ಗಾಳಿ ಮಾತ್ರ ಕರಿಗರಿಗಳನ್ನು ಸವರುತ್ತಿತ್ತು. ಪರದೆಗಳ ಮೇಲೆ ಹಸಿರು ಗೆರೆಗಳು ಉದ್ದುದ್ದ, ಮೆತ್ತಗೆ ಏಳುತ್ತ ಬೀಳುತ್ತ ಹರಿದವು.

"ಇಷ್ಟು ಚಂದದ ನಿದ್ದೆ ನಾನು ಈವರೆಗೆ ಕಂಡಿಲ್ಲ," ಎಂದರು ಉಡುಪರು ಪಿಸುದನಿಯಲ್ಲಿ. ತೆಳ್ಳಗಿನ, ಸದಾ ಸ್ವೆಟರ್ ತೊಟ್ಟಿರುತ್ತಿದ್ದ ಮನುಷ್ಯ. "ನೋಡಿ ಜಲಜಾ, ಇದೀಗ ನಲವತ್ತು ಲಕ್ಷ ಮನೆಗಳಲ್ಲಿ ಇದೇ ಅಲೆ."

ಜಲಜಳಿಗೂ ಕಣ್ಣು ತುಂಬಿ ಬಂತು.

ತಿಂಗಳು ಕಳೆದಿರಲಿಲ್ಲ, ತೆಕಾ ಒಂದು ಸಂಜೆ ಅವಳ ಕೈಹಿಡಿದು ಪೊದೆಗಳ ನಡುವೆ ಕರೆದೊಯ್ದಳು. ಗೂಡುಗಳ ಕೆಳಗೆ ಬಿಳಿಯ ತುಪ್ಪುಳದ ಮುದ್ದೆಗಳು ಬಿದ್ದಿದ್ದವು. ಮರಿಗಳು. ಜಲಜ ಒಂದನ್ನು ಎತ್ತಿದಳು, ಒಣಗಿದ ಹತ್ತಿಕಾಯಿಯಷ್ಟು ಹಗುರ.

"ಇವಕ್ಕೆ ವರ್ಷಕ್ಕೂ ಹೆಚ್ಚು ತಾಯಿ ಉಣಿಸಬೇಕು," ಎಂದಳು ತೆಕಾ. "ತಾಯಿ ನೂರಾರು ಮೈಲಿ ಹೋಗಿ ಹಾರುಮೀನು ತರಬೇಕು. ನೀವು ಬೆಳಿಗ್ಗೆಯೇ ಮಲಗಿಸಿದರೆ ಹೊರಡುವುದು ಯಾವಾಗ, ಬರುವುದು ಯಾವಾಗ? ಮರಿ ಪಕ್ಕದಲ್ಲೇ ಕೂಗುತ್ತದೆ. ತಾಯಿ ಮಲಗೇ ಇರುತ್ತದೆ."

ಮರುದಿನ ಬೆಳಿಗ್ಗೆ ಜಲಜ ಕಂಟ್ರೋಲ್ ರೂಮಿನಲ್ಲಿ ಕೂರದೆ ದಂಡೆಗೆ ಹೋದಳು. ಏಳರ ಸುಮಾರಿಗೆ ಕಡಲ ಕಡೆಯಿಂದ ಒಂದು ಹೆಣ್ಣುಹಕ್ಕಿ ಬಂತು. ಬಹಳ ದೂರದಿಂದ ಬಂದಿರಬೇಕು. ಗಂಟಲು ಉಬ್ಬಿತ್ತು, ಮರಿಗೆಂದು ತಂದ ಮೀನಿನಿಂದ. ದಂಡೆ ಇನ್ನೂ ಒಂದು ಕೂಗಳತೆ ಇರುವಾಗ ಅದು ಜೋಗುಳದೊಳಕ್ಕೆ ಬಂತು. ರೆಕ್ಕೆ ಚಾಚಿಕೊಂಡೇ ತಲೆ ವಾಲಿತು. ಮಿದುಳಿನ ಎರಡೂ ಹೋಳು ಒಟ್ಟಿಗೆ ಮಲಗಿದ್ದವು. ಮೆಲ್ಲಗೆ, ಕೈಬಿಟ್ಟ ಬಟ್ಟೆ ಇಳಿಯುವ ಹಾಗೆ ನೀರಿಗೆ ಇಳಿಯಿತು. ಜಲಜ ಸೊಂಟದವರೆಗೆ ನೀರಿಗೆ ಓಡಿದಳು. ಅವಳು ತಲುಪುವುದರೊಳಗೆ ಗರಿಗಳು ನೆನೆದು ಹಕ್ಕಿ ತಳ ಸೇರಿತ್ತು.

ಉಡುಪರು ಅವಳ ಮಾತನ್ನು ಪೂರ್ತಿ ಕೇಳಿಸಿಕೊಂಡರು. ಅವರು ಕೆಟ್ಟವರಾಗಿರಲಿಲ್ಲ. "ಉಳಿದ ಹದಿನಾರು ಗಂಟೆ ಅವಕ್ಕೆ ಸಾಕು ಅಂತ ನನ್ನ ಲೆಕ್ಕ ಇತ್ತು. ಕಂಬಗಳ ದಿಕ್ಕು ಬದಲಿಸಿ ನೋಡುವ," ಎಂದರು. ದಿಕ್ಕು ಬದಲಿಸಿದರು. ತುಪ್ಪುಳದ ಮುದ್ದೆಗಳು ಬೀಳುವುದು ನಿಲ್ಲಲಿಲ್ಲ.

*

ಆಮೇಲೆ ಕನಸುಗಳು ಬದಲಾದವು.

ಮೊದಲು ಹೇಳಿದವಳು ಗುಲಾಬಿ. "ಜಲಜ, ನಿಮ್ಮಣ್ಣ ಬೆಳಗಾತ ಎದ್ದ್ಕೂಡ್ಲೆ ಒಂದ್ ಪಾತ್ರಿ ಗಂಜಿ ಖಾಲಿ ಮಾಡ್ತ್ರ್. ಆದ್ರೂ ಹಸಿವ್ ಹಸಿವ್ ಅಂಬ್ರ್. ಎಂತ ಕಾಯ್ಲಿಯಾ ಏನೋ."

ಕಂಪನಿಗೆ ಬಂದ ದೂರುಗಳೂ ಹಾಗೇ ಇದ್ದವು. ತುಮಕೂರಿನ ಒಬ್ಬ ಲಾರಿ ಚಾಲಕನಿಗೆ ನಿದ್ದೆಯಲ್ಲಿ ಯಾರೋ ಕೂಗಿದ ಹಾಗಾಗುತ್ತಿತ್ತು. ಮಕ್ಕಳಿಲ್ಲದ ಒಬ್ಬ ಶಿಕ್ಷಕಿ ಎದ್ದ ಕೂಡಲೇ ಮಂಚದ ಪಕ್ಕ ಮಗು ಹುಡುಕುತ್ತಿದ್ದಳು. ಮಲಗಿದ ಹಕ್ಕಿಯ ಕಿವಿಗೆ ಮರಿಯ ಕೂಗು ಬೀಳುತ್ತಿತ್ತು. ಜೋಗುಳದ ಭಾರಕ್ಕೆ ಅದು ಏಳಲಾರದು. ಆ ಸಂಕಟ ನಿದ್ದೆಯ ಅಲೆಯಲ್ಲೇ ಸಣ್ಣ ನಡುಕವಾಗಿ ಸೇರಿಕೊಂಡು ಸಾಗರ ದಾಟುತ್ತಿತ್ತು. ಪರದೆಯ ಹಸಿರು ಗೆರೆಯಲ್ಲಿ ಜಲಜ ಆ ನಡುಕವನ್ನು ಗುರುತಿಸಿದಳು. ಲೋಟದ ಅಂಚಿನ ಮುಕ್ಕಿನಷ್ಟು ಸಣ್ಣದು.

ಕಂಪನಿಯಿಂದ ಆದೇಶ ಬಂತು: ಆ ನಡುಕವನ್ನು ಸೋಸಿ ತೆಗೆಯುವ ಫಿಲ್ಟರ್ ಒಂದನ್ನು ಜಲಜ ತಯಾರಿಸಬೇಕು. ಅವಳಿಗೆ ಅದು ಒಂದು ಮಧ್ಯಾಹ್ನದ ಕೆಲಸ. ಕುರ್ಚಿಯಲ್ಲಿ ಕೂತಳು, ಎದ್ದಳು. ಮೂರೂವರೆಯಾಗಿತ್ತು. ಮನೆಗೆ ಫೋನ್ ಮಾಡಿದಳು.

ಅಣ್ಣ ಇವತ್ತು ಮುಂದಿದ್ದ ಗಂಜಿಯ ಬಟ್ಟಲನ್ನು ಮುಟ್ಟಿರಲಿಲ್ಲ. "ಒಂದ್ ಮಾತ್ ಕೇಂತೆ ಮರಾಯ್ತಿ. ಈ ನಿದ್ರಿ ಒಳ್ಗೆ ಎಂತದೋ ಮರಿ ಕೂಗ್ತ್. ಹತ್ರವೇ ಕೂಗ್ತ್. ನಂಗೆ ಏಳೂಕೆ ಆತಿಲ್ಲೆ. ಕೈಕಾಲ್ ಎಲ್ಲ ಕಟ್ಟಿಹಾಕ್ದಾಂಗೆ. ಅದೆಂತದ್?"

ಅವಳು ಎಲ್ಲವನ್ನೂ ಹೇಳಿದಳು. ಹೊಂಡ, ಗರಿ, ಜೋಗುಳ, ನೀರಿಗಿಳಿದ ಹಕ್ಕಿ, ಕೊನೆಗೆ ಫಿಲ್ಟರ್. "ನಾ ಅದ್ನ್ ಮಾಡಿಕೊಟ್ರೆ ನಿಂಗೆ ಕೂಗ್ ಕೇಂತಿಲ್ಲೆ ಅಣ್ಣ. ಮೊದ್ಲಿನಾಂಗೇ ಮಲ್ಕಂಬ್ಲಕ್."

ಗುಲಾಬಿ ಬಾಗಿಲಿಗೆ ಬಂದು ನಿಂತದ್ದು ಪರದೆಯಲ್ಲಿ ಕಾಣಿಸಿತು.

"ರಾಘು ಕೂಗಿದ್ದ," ಎಂದ ಸಂಜೀವ. ಮೂರು ವರ್ಷದಲ್ಲಿ ಆ ಹೆಸರನ್ನು ಅವನು ಮನೆಯಲ್ಲಿ ಎತ್ತಿದ್ದು ಅದೇ ಮೊದಲು. "ಭಾವಾ ಅಂತ ಮೂರ್ ಸಲ ಕೂಗಿದ್ದ. ನಾ ಮಗುಚಿದ್ ದೋಣಿ ಹಿಡ್ಕಂಡಿದ್ದೆ. ಕೈ ಬಿಟ್ಟಿದ್ರೆ ನಾನೂ ಹೋತಿದ್ದೆ. ಬಿಡ್ಲಿಲ್ಲೆ. ಕೇಂಡೂ ಕೇಣದಾಂಗೆ ಇದ್ದೆ." ಅವನು ಹೆಂಡತಿಯ ಕಡೆ ತಿರುಗಲಿಲ್ಲ. "ನೀ ಈಗ ಕೂಗ್ ಕೇಣದಾಂಗೆ ಮಾಡ್ತೆ ಅಂಬೆ. ಅದೊಂದ್ ಬ್ಯಾಡ ಜಲಜ. ನನ್ ನಿದ್ರಿ ಹೋಪುದಾರೆ ಹೋಯ್ಲಿ."

ಗುಲಾಬಿ ಒಳಗೆ ಬಂದಳು. ಗಂಡನ ಪಕ್ಕ ನೆಲದ ಮೇಲೆ ಕೂತು, ಅವನ ಮುಂದಿದ್ದ ಬಟ್ಟಲನ್ನು ಬೇರೆಡೆಗೆ ಸರಿಸಿ, ಅವನ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು. ಫೋನು ಹಾಗೇ ಉರಿಯುತ್ತಿತ್ತು. ಜಲಜಳೇ ಅದನ್ನು ನಿಲ್ಲಿಸಿದಳು.

*

ಮರುದಿನ ಬೆಳಿಗ್ಗೆ ಅವಳು ಒಂದು ನಿದ್ದೆಪಟ್ಟಿಯನ್ನು ಕೈಯಲ್ಲಿ ಹಿಡಿದು ಉಡುಪರ ಕೋಣೆಗೆ ಹೋದಳು.

"ಸಾರ್, ನಾನು ಫಿಲ್ಟರ್ ಮಾಡುವುದಿಲ್ಲ. ಬೇರೆಯವರು ಮಾಡಿಯಾರು. ಆದರೆ ಅದಕ್ಕೆ ಮೊದಲು ನೀವೊಮ್ಮೆ ಇದನ್ನು ಕಟ್ಟಿಕೊಂಡು ಮಲಗಿ."

"ನನಗೆ ನಿದ್ದೆಗೆ ತೊಂದರೆ ಇಲ್ಲವಲ್ಲ," ಎಂದರು ಅವರು, ಸ್ವಲ್ಪ ಮುಜುಗರದಿಂದ. ಅದನ್ನು ಕಂಡುಹಿಡಿದವರು ಅದನ್ನು ಒಮ್ಮೆಯೂ ಕಟ್ಟಿಕೊಂಡಿರಲಿಲ್ಲ.

"ಎರಡು ಗಂಟೆ, ಸಾರ್."

ಅವರು ಕಿಟಕಿಯ ಪಕ್ಕದ ಬೆಂಚಿನ ಮೇಲೆ ಒರಗಿದರು. ಹೊರಗೆ ಜೋಗುಳ ನಡೆದಿತ್ತು. ಪಟ್ಟಿಯ ತುದಿಯ ದೀಪ ಹಸಿರಾದ ಕೂಡಲೇ ಅವರ ಮುಖದ ಗೆರೆಗಳೆಲ್ಲ ಸಡಿಲವಾದವು. ಸಣ್ಣ ಮಗುವಿನ ಮುಖದ ಹಾಗಾಯಿತು. ಕೈಗಳು ಎರಡು ಬದಿಗೆ ತಾವಾಗಿ ಚಾಚಿಕೊಂಡವು. ಜಲಜ ಸ್ಟೂಲಿನ ಮೇಲೆ ಕೂತು ಕಾದಳು. ಒಂದು ಗಂಟೆ ಕಳೆದ ಮೇಲೆ ಅವರ ಗಂಟಲು ನುಂಗಿ ನುಂಗಿ ಆಡತೊಡಗಿತು. ತುಟಿ ಅದುರಿತು. ಬೆರಳುಗಳು ಬೆಂಚಿನ ಅಂಚನ್ನು ಕೆರೆದವು, ಎದ್ದೇಳಲು ಹವಣಿಸುವವರಂತೆ. ಏಳಲಾಗಲಿಲ್ಲ. ಮುಚ್ಚಿದ ರೆಪ್ಪೆಗಳ ಕೆಳಗಿಂದ ನೀರು ಇಳಿದು ಕಿವಿಯ ಕಡೆಗೆ ಹರಿಯಿತು. ಅವಳಿಗೆ ನೋಡಲಾಗಲಿಲ್ಲ. ಎರಡು ಗಂಟೆ ತುಂಬುವ ಮೊದಲೇ ಪಟ್ಟಿಯನ್ನು ಬಿಚ್ಚಿದಳು.

ಉಡುಪರು ಎದ್ದು ಕೂತರು. ಅವಳ ಮುಖವನ್ನು ನೋಡಿದರು, ಅವಳು ಯಾರೆಂದು ಗೊತ್ತಾಗದವರಂತೆ. ಚಪ್ಪಲಿ ಹಾಕಿಕೊಳ್ಳದೆ ಹೊರಗೆ ನಡೆದರು. ಕಂಟ್ರೋಲ್ ರೂಮಿಗೆ ಹೋಗಿ ಜೋಗುಳದ ಸ್ವಿಚ್ ತೆಗೆದರು.

ಹೊರಗೆ ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಒಂದು ಹಕ್ಕಿ ತಲೆಯೆತ್ತಿತು. ಅದರ ಪಕ್ಕದ್ದು ಎತ್ತಿತು. ಆರು ಸಾವಿರ ಹಕ್ಕಿಗಳು ಕಣ್ಣು ಬಿಟ್ಟು, ಕೊಕ್ಕು ಕುಟ್ಟಿ, ಗಾಳಿಗೆ ಹಾರಿದವು. ಮಧ್ಯಾಹ್ನದ ಬಿಸಿಲು ಅರೆಗಳಿಗೆ ಮಂಕಾಯಿತು. ಪೊದೆಯ ಬಳಿ ನಿಂತಿದ್ದ ತೆಕಾ ಎರಡೂ ಕೈಗಳನ್ನು ಹಣೆಗೆ ಅಡ್ಡ ಹಿಡಿದು ಮೇಲೆ ನೋಡುತ್ತಿದ್ದಳು.

ಆ ಬೆಳಗಿನ ಜಾವ ನಮ್ಮ ನಾಡಿನ ನಲವತ್ತು ಲಕ್ಷ ಮಂದಿ ಒಟ್ಟಿಗೆ ಎಚ್ಚರಗೊಂಡರು.

ಕಂಪನಿ ಸುಮ್ಮನಿರಲಿಲ್ಲ. ಬೈದರು, ಬೇಡಿದರು, ಬೇರೆ ವಿಜ್ಞಾನಿಗಳನ್ನು ಹಡಗಿನಲ್ಲಿ ಕಳಿಸಿದರು. ಅವರು ಹಳೆಯ ಜೋಗುಳಗಳನ್ನು ಹಾಕಿ ನೋಡಿದರು. ಹಕ್ಕಿಗಳು ಕಿವಿಗೊಡಲಿಲ್ಲ. ಹೊಸತನ್ನು ಹೆಣೆಯಲು ಉಡುಪರು ಒಪ್ಪಲಿಲ್ಲ. "ನನಗೆ ಹಸಿವಾಗಿತ್ತು," ಎಂದಷ್ಟೇ ಹೇಳುತ್ತಿದ್ದರು, ಯಾರು ಏನು ಕೇಳಿದರೂ. ತೂಕಡಿಸುವ ಕೆಲವೇ ಹಕ್ಕಿಗಳ ನಿದ್ದೆ ಕೆಲವರಿಗಾದರೂ ಸಾಕಲ್ಲ ಎಂದು ಜಲಜ ಬರೆದು ಕಳಿಸಿದಳು. ಕೆಲವರಿಗಷ್ಟೇ ಸಾಲುವ ನಿದ್ದೆ ಕಂಪನಿಗೆ ಬೇಕಿರಲಿಲ್ಲ. ನಾಲ್ಕನೆಯ ತಿಂಗಳು ದ್ವೀಪದ ಕೇಂದ್ರ ಮುಚ್ಚಿತು.

ಕೊನೆಯ ಹಡಗಿಗೆ ತೆಕಾ ಹತ್ತಲಿಲ್ಲ. ಕೇಂದ್ರವಿಲ್ಲದಿದ್ದರೆ ಅವಳಿಗೆ ಅಲ್ಲಿರಲು ಹಕ್ಕಿಲ್ಲ ಎಂದು ಕಾಗದ ಬಂದಿತ್ತು. "ಬದುಕಿರುವ ಮರಿಗಳು ಹಾರುವ ತನಕ ಇರುತ್ತೇನೆ. ನೆತ್ತಿಯ ಚಿಪ್‌ಗಳನ್ನು ಕೂರಿಸಿದ ಕೈಯೇ ತೆಗೆಯಬೇಕಲ್ಲ," ಎಂದಳು. ಎರಡು ತಿಂಗಳಿಗೊಮ್ಮೆ ಮಗ ದೋಣಿಯಲ್ಲಿ ಅಕ್ಕಿ, ನೀರು ತರುತ್ತಾನಂತೆ. "ಆಮೇಲೆ, ದೊಡ್ಡಮ್ಮ?" ಎಂದು ಕೇಳಿದಳು ಜಲಜ. ತೆಕಾ ನಕ್ಕಳು. "ಆಮೇಲೆ ಬಂದು ನನ್ನನ್ನು ಇಲ್ಲಿಂದ ಎಬ್ಬಿಸಲಿ, ನೋಡುವ."

*

ಊರಿಗೆ ಮರಳಿದ ಜಲಜಳನ್ನು ಬಂದರಿನಲ್ಲಿ ಕೆಲವರು ಮಾತಾಡಿಸಲಿಲ್ಲ. ಪಟ್ಟಿಯ ನಿದ್ದೆ ಅವರಿಗೂ ತಪ್ಪಿಹೋಗಿತ್ತು. ಅಣ್ಣನ ಕಣ್ಣು ಮತ್ತೆ ಕೆಂಪಗಾಗಿತ್ತು. ಆದರೆ ಅಂಗಳದ ಮೂಲೆಯಲ್ಲಿ ಅವನು ಒಬ್ಬನೇ ಕೂರುತ್ತಿರಲಿಲ್ಲ. ಗುಲಾಬಿ ಮೀನು ಹೆಕ್ಕುತ್ತ ಪಕ್ಕದಲ್ಲಿರುತ್ತಿದ್ದಳು. ಇಬ್ಬರೂ ರಾಘುವಿನ ಮಾತಾಡುತ್ತಿದ್ದರು. ಅವನ ತಂಟೆ, ಅವನು ಎಮ್ಮೆ ಕಂಡರೆ ಹೆದರುತ್ತಿದ್ದುದು. ಒಮ್ಮೊಮ್ಮೆ ಗುಲಾಬಿ ಅರ್ಧಕ್ಕೇ ಎದ್ದು ಹೋಗುತ್ತಿದ್ದಳು. ಮತ್ತೆ ಬಂದು ಕೂರುತ್ತಿದ್ದಳು.

ಕಾರ್ತಿಕದ ಒಂದು ಬೆಳಿಗ್ಗೆ ಸಂಜೀವ, "ದೋಣಿಗೆ ಜನ ಇಲ್ಲೆ. ನೀ ಬತ್ತ್ಯಾ?" ಎಂದು ತಂಗಿಯನ್ನು ಕೇಳಿದ. ಸಣ್ಣ ನಾಡದೋಣಿ. ಇಬ್ಬರೇ ಹೊರಟರು. ಬಲೆ ಬಿಟ್ಟು, ಎಳೆದು, ಒಂದು ಬುಟ್ಟಿ ಬಂಗುಡೆ ಸಿಕ್ಕಿ ಮರಳುವಾಗ ಹನ್ನೊಂದು ಗಂಟೆ. ಕಡಲು ಎಣ್ಣೆ ಹೊಯ್ದ ಹಾಗಿತ್ತು. ಸಂಜೀವ ಚುಕ್ಕಾಣಿಯನ್ನು ಅವಳ ಕೈಗಿತ್ತ.

"ಅಪ್ಪ ಕಲ್ಸಿದ್ ನೆನ್ಪಿತ್ತಾ?"

"ಇತ್ತ್."

"ಹಂಗಾರೆ ನೀ ಮುಂದ್ ಕಾಂತಾ ಇರ್. ನಾ ಒಂಚೂರ್ ಬೆನ್ನ್ ಹಾಕ್ತೆ."

ಅವನು ಬಲೆಯ ಮೇಲೆ ಒರಗಿದ. ಮೊಣಕೈಯನ್ನು ಕಣ್ಣಿಗೆ ಅಡ್ಡವಿಟ್ಟುಕೊಂಡ. ಜಲಜ ದಡದ ತೆಂಗಿನ ಸಾಲಿನ ಕಡೆಗೆ ನೋಡುತ್ತ ಕೂತಳು. ಸ್ವಲ್ಪ ಹೊತ್ತಿನ ಮೇಲೆ ತಿರುಗಿ ನೋಡಿದರೆ ಅಣ್ಣನ ಮೊಣಕೈ ಜಾರಿ ಬದಿಗೆ ಬಿದ್ದಿತ್ತು. ಬಾಯಿ ಅರೆ ತೆರೆದಿತ್ತು. ಗೊರಕೆ ಹೊಡೆಯುತ್ತಿದ್ದ. ಹಣೆಯ ಮೇಲೆ ಬಿಸಿಲಿನ ಹೊರತು ಏನೂ ಇರಲಿಲ್ಲ.

ಎದುರಿಗೆ ಅಳಿವೆ ಬಂತು. ಒಳಗೆ ಹೋದರೆ ಬಂದರಿನ ಗಲಾಟೆ, ಐಸ್ ಒಡೆಯುವ ಸದ್ದು. ಜಲಜ ಎಂಜಿನ್ನಿನ ವೇಗವನ್ನು ತಗ್ಗಿಸಿದಳು. ಅಲೆ ಬದಿಗೆ ಬಡಿಯದ ಹಾಗೆ ಚುಕ್ಕಾಣಿಯನ್ನು ಬೆರಳಿಂದಲೇ ಒತ್ತಿ, ದೋಣಿಯನ್ನು ಮೆಲ್ಲಗೆ ಮತ್ತೆ ಕಡಲ ಕಡೆಗೆ ತಿರುಗಿಸಿದಳು.